ಐದನೆಯ ಕಾರಣ

ಯಾವ ಕರ್ಮವಾದರೂ ಸಿದ್ಧಿಸಬೇಕಾದರೆ ಐದು ಕಾರಣಗಳು ಕೂಡಬೇಕೆಂದು ಭಗವದ್ಗೀತೆಯ ಹದಿನೆಂಟನೆಯ ಅಧ್ಯಾಯದಲ್ಲಿ ಹೇಳಿದೆ: ನೆಲೆಯಾದ ದೇಹ, ಕರ್ತೃ, ಬಗೆಬಗೆಯ ಕರಣಗಳು, ನಾನಾ ವಿಧವಾದ ಚೇಷ್ಟೆ, ಕಡೆಯದಾಗಿ ದೈವ. ದೈವವನ್ನು ಅಗ್ರಪೀಠದಲ್ಲಿ ಕೂರಿಸದೆ, ಹಾಗೆಂದು ಪಂಕ್ತಿಯಿಂದ ಎಬ್ಬಿಸಿಯೂ ಕಳುಹಿಸದೆ ಇರುವ ಈ ಗಣನೆಯ ಔಚಿತ್ಯವು ನನಗೆ ಸ್ಪಷ್ಟವಾಗಿ ಹೊಳೆದದ್ದು, ಸ್ಲೊವೇನಿಯವೆಂಬ ಇಪ್ಪತ್ತು ಲಕ್ಷ ಜನರ ದೇಶದ ಮಿಲಿವೊಯೆ ನೊವಾಕೊವಿಚ್ ಎಂಬ ಕಾಲ್ಚೆಂಡಿನ ಆಟಗಾರನ ವೃತ್ತಾಂತದಿಂದ. ತತ್ತ್ವವಿಚಾರಕ್ಕೆ ಕ್ರೀಡಾಂಗಣವೇ ಎಂದು ಹುಬ್ಬೇರಿಸುವ ಪಂಡಿತರಿಗೆ, ಗೀತೆಯ ಉಪದೇಶವಾದದ್ದು ಆಶ್ರಮದಲ್ಲಲ್ಲವೆಂಬುದನ್ನು ನೆನಪಿಸಿದರೆ ಸಾಕು.

1979ರಲ್ಲಿ ಲ್ಯೂಬ್ಲಿಯಾನದಲ್ಲಿ ಜನಿಸಿದ ಈತ, ಸಮವಯಸ್ಕರು ದೊಡ್ಡ ಕ್ಲಬ್ಬುಗಳಲ್ಲಿ ಕೀರ್ತಿ ಗಳಿಸುತ್ತಿದ್ದ ಪ್ರಾಯವನ್ನು ಬಹುಮಟ್ಟಿಗೆ ನೆರೆಯ ಆಸ್ಟ್ರಿಯದ ಕೆಳದರ್ಜೆಯ ಲೀಗುಗಳಲ್ಲಿ, ಯಾರ ಕಣ್ಣಿಗೂ ಬೀಳದೆ ಕಳೆದನು. ಅನಂತರ ಬಲ್ಗೇರಿಯಕ್ಕೆ ಹೋಗಿ, ಲಿಟೆಕ್ಸ್ ಲೊವೆಚ್ ತಂಡದ ಪರವಾಗಿ 2005-06ರ ಲೀಗಿನಲ್ಲಿ 16 ಗೋಲು ಹೊಡೆದ ಮೇಲೆಯೇ ಸ್ವದೇಶದವರು ಆತನತ್ತ ತಿರುಗಿ ನೋಡಿದ್ದು. 2006ರ ಮೇ ತಿಂಗಳಲ್ಲಿ ಟ್ರಿನಿಡಾಡ್ ಮತ್ತು ಟೊಬೇಗೊ ವಿರುದ್ಧ ರಾಷ್ಟ್ರತಂಡಕ್ಕಾಗಿ ಆತನು ಹ್ಯಾಟ್ರಿಕ್ ಸಾಧಿಸಿದಾಗ ವಯಸ್ಸು ಇಪ್ಪತ್ತೇಳು ತುಂಬಿತ್ತು. ಆಮೇಲೆ ಜರ್ಮನಿಯ ಕಲೋನ್ ತಂಡ. 2007-08ರಲ್ಲಿ ಎರಡನೆಯ ದರ್ಜೆಯ ಬುಂಡೆಸ್‌ಲೀಗಾದಲ್ಲಿ 20 ಗೋಲು ಹೊಡೆದು, ಆ ತಂಡವು ಮೊದಲ ದರ್ಜೆಗೆ ಏರುವುದಕ್ಕೆ ಆತನು ಮುಖ್ಯ ಕಾರಣನಾದನು. ಇಪ್ಪತ್ತೈದನೆಯ ವಯಸ್ಸಿನಲ್ಲಿಯೇ ಆತನ ಜಾತಕವನ್ನು ಬರೆದು ಮುಗಿಸಿ, ಇವನ ಹಣೆಯಲ್ಲಿ ಬರೆದದ್ದಿಷ್ಟೆ ಎಂದು ಯಾರಾದರೂ ಎಂದಿದ್ದರೆ, ಅದಕ್ಕೆ ಎದುರುನುಡಿಯುವಷ್ಟು ಸಾಕ್ಷ್ಯವು ಆಗ ಆತನಲ್ಲಿಯೂ ಇರಲಿಲ್ಲ. ಅಂತಹ ಸಾಕ್ಷ್ಯವಿಲ್ಲದೆಯೂ ಆಡುತ್ತಿದ್ದನೆಂಬುದೇ ಪೌರುಷದ ಪರವಾಗಿ ನಾನು ಮುಂದಿಡುವ ವಾದ.

ಆದರೆ ಪೌರುಷವಾದಿಗಳು ಇಷ್ಟಕ್ಕೇ ಹಿಗ್ಗಬೇಕಾದುದಿಲ್ಲ. 2010ರ ವಿಶ್ವಕಪ್ಪಿಗೆ ದಕ್ಷಿಣ ಆಫ್ರಿಕಕ್ಕೆ ಬಂದ ದೇಶಗಳಲ್ಲೆಲ್ಲ ಜನಸಂಖ್ಯೆಯಲ್ಲಿ ಅತ್ಯಂತ ಚಿಕ್ಕದು ಸ್ಲೊವೇನಿಯ. ಅಲ್ಜೀರಿಯದೆದುರಿನ ಮೊದಲ ಪಂದ್ಯದಲ್ಲಿ ನಾಯಕ ರಾಬರ್ಟ್ ಕೊರೆನ್ ದೂರದಿಂದ ಒದ್ದ, ಅಷ್ಟೇನೂ ಭಯಂಕರವಲ್ಲದ ಚೆಂಡು ಗೋಲ್‌ಕೀಪರ್ ಶಾವೂಶಿಯ ಮುಂದೆ ಪುಟಿದು, ಆತನ ತೋಳಿಗೆ ತಾಗಿ ಒಳಹೊಕ್ಕಿತು. ಆ ಒಂದು ಗೋಲಿನಿಂದಲೇ ಗೆಲವು. ಎರಡನೆಯ ಪಂದ್ಯ ಅಮೆರಿಕದ ಮೇಲೆ. ವಿರಾಮಕ್ಕೆ ಮುಂಚೆ ನೊವಾಕೊವಿಚ್ ಎದುರಾಳಿಗಳ ನಡುವಿನ ಸಂದಿನಲ್ಲಿ ಚೆಂಡನ್ನು ನುಸುಳಿಸಿ ಸಹ ಆಟಗಾರ ಲ್ಯುಬಿಯಾಂಕಿಚನ ಕಾಲಿಗೆ ಒದಗಿಸಿದನು. ಗೋಲು ಲ್ಯುಬಿಯಾಂಕಿಚನ ಹೆಸರಿಗೆ ಹತ್ತಿತು. 2-0 ಮುನ್ನಡೆಯು ಕರಗಿ 2-2 ಆಯಿತು. ಅಮೆರಿಕದವರ ಮೂರನೆಯ ಗೋಲನ್ನು ರೆಫರಿಯು ಕಾರಣ ಹೇಳದೆ ತಳ್ಳಿಹಾಕಿದನು. ಎರಡು ಸಲ ದೈವವು ಕೈಹಿಡಿದಿತ್ತು.

ಜೂನ್ 23ರಂದು ಪೋರ್ಟ್ ಎಲಿಜಬೆತ್ತಿನಲ್ಲಿ ಇಂಗ್ಲೆಂಡಿಗೆ 0-1ರಿಂದ ಸೋತರೂ, ಅದೇ ಹೊತ್ತಿನಲ್ಲಿ ಪ್ರಿಟೋರಿಯದಲ್ಲಿ ನಡೆಯುತ್ತಿದ್ದ ಅಮೆರಿಕ ಮತ್ತು ಅಲ್ಜೀರಿಯಗಳ ಪಂದ್ಯವು ಗೋಲಿಲ್ಲದೆ ಮುಗಿದಿದ್ದರೆ ಸ್ಲೊವೇನಿಯವೇ ಮುಂದಿನ ಸುತ್ತಿಗೆ ಹೋಗುತ್ತಿತ್ತು. ತೊಂಬತ್ತು ನಿಮಿಷ ಕಳೆದ ಮೇಲೆ, ಹೆಚ್ಚುವರಿ ಸಮಯದಲ್ಲಿ, ಅಮೆರಿಕದ ಡೊನೊವನ್ ಗೋಲು ಹೊಡೆದನು. ನೂರಾರು ಮೈಲಿ ದೂರದ, ತನ್ನ ಕಾಲು ಎಂದೂ ಮುಟ್ಟದ ಚೆಂಡೊಂದು ನೊವಾಕೊವಿಚನ ವಿಶ್ವಕಪ್ಪನ್ನು ಮುಗಿಸಿತು. ಮೂರು ಪಂದ್ಯಗಳಲ್ಲಿ ಆತನಿಗೆ ಒಂದು ಗೋಲೂ ಒದಗಲಿಲ್ಲ.

ಇಂತಹ ಸ್ಥಳದಲ್ಲಿ ಫಲತ್ಯಾಗವನ್ನು ಬೋಧಿಸುವುದು ಸುಲಭ. ಆದರೆ ಗೋಲಿನ ಅಪೇಕ್ಷೆಯಿಲ್ಲದ ಸ್ಟ್ರೈಕರ್ ಎಂಬುದು ವದತೋವ್ಯಾಘಾತವಷ್ಟೆ. ಈ ತೊಡಕನ್ನು ರೋಮಿನ ಸಿಸೆರೊ ಸ್ಟೋಯಿಕ್ ಪಂಥದವರ ಮತವನ್ನು ನಿರೂಪಿಸುವಾಗ ಬಿಲ್ಲುಗಾರನ ದೃಷ್ಟಾಂತದಿಂದ ಬಿಡಿಸುತ್ತಾನೆ: ಗುರಿಯತ್ತ ನೇರವಾಗಿ ಎಸೆಯುವುದಕ್ಕೆ ತನ್ನಿಂದಾದುದನ್ನೆಲ್ಲ ಮಾಡುವುದೇ ಬಿಲ್ಲುಗಾರನ ಪರಮಪ್ರಯೋಜನ, ಬಾಣವು ತಾಗುವುದು ಅದರಿಂದ ಹೊರಗಿನ ಮಾತು. ನನಗೆ ಈ ಸಮಾಧಾನ ಅರ್ಧ ಮಾತ್ರ ಹಿಡಿಸುತ್ತದೆ. ಬಾಣವು ತಾಗಲೇಬೇಕೆಂಬ ಹಸಿವೆಯೇ ಇಲ್ಲದವನು ಅಷ್ಟು ಕಾಲ ಅಜ್ಞಾತನಾಗಿ ಅಭ್ಯಾಸ ಮಾಡಲಾರ. ಫಲವನ್ನು ತೀವ್ರವಾಗಿ ಬಯಸಿಯೂ, ಅದು ಕೈತಪ್ಪಿದಾಗ ಮರಳಿ ಮೈದಾನಕ್ಕೆ ಇಳಿಯುವ ಬಲವನ್ನು ಉಳಿಸಿಕೊಳ್ಳುವುದು ವೈರಾಗ್ಯಕ್ಕಿಂತ ದುಷ್ಕರವಾದ ವ್ರತವೆಂದು ನಾನು ಬಗೆಯುತ್ತೇನೆ. ಮರುವರ್ಷದ ಬುಂಡೆಸ್‌ಲೀಗಾದಲ್ಲಿ ನೊವಾಕೊವಿಚ್ 17 ಗೋಲು ಹೊಡೆದನು. 2013ರಲ್ಲಿ ನಾರ್ವೆಯೆದುರು ಮತ್ತೊಂದು ಹ್ಯಾಟ್ರಿಕ್. ಜಪಾನಿನ ಮೂರು ಕ್ಲಬ್ಬುಗಳಲ್ಲಿ ಆಡಿ, ಕೊನೆಗೆ ಸ್ವದೇಶಕ್ಕೆ ಮರಳಿ ಮಾರಿಬೊರ್ ತಂಡವನ್ನು ಸೇರಿ, 2017ರಲ್ಲಿ ಲೀಗ್ ಪ್ರಶಸ್ತಿಯೊಡನೆ ಆಟ ಬಿಟ್ಟನು.

ರಾಷ್ಟ್ರತಂಡಕ್ಕೆ ಆತನು ಆಡಿದ್ದು 80 ಪಂದ್ಯ, ಹೊಡೆದದ್ದು 32 ಗೋಲು. ಸ್ಲೊವೇನಿಯದಲ್ಲಿ ಆತನಿಗಿಂತ ಮುಂದಿರುವವನು 35 ಗೋಲಿನ ಜ್ಲಾಟ್ಕೊ ಜಹೊವಿಚ್ ಒಬ್ಬನೇ. ವಿಶ್ವಕಪ್ಪಿನ ದಾಖಲೆಯಲ್ಲಿ ಮಾತ್ರ ಆತನ ಹೆಸರಿನ ಮುಂದೆ ಸೊನ್ನೆಯಿದೆ. ಆ ಸೊನ್ನೆಯನ್ನು ಪೂರ್ತಿಯಾಗಿ ಆತನ ಲೆಕ್ಕಕ್ಕೇ ಬರೆಯುವುದು ನ್ಯಾಯವೆಂದು ನನಗೆ ತೋರುವುದಿಲ್ಲ.