ಬೆರಗು ನಿಲ್ಲುವ ಹೊಸ್ತಿಲು

ಹೆಣ್ಣು ಯಾಕೆ ಹುಟ್ಟುತ್ತದೆ? 13ನೆಯ ಶತಮಾನದ ಕ್ಯಾಥೊಲಿಕ್ ಸನ್ಯಾಸಿ ಥಾಮಸ್ ಅಕ್ವಿನಾಸ್ ಇದಕ್ಕೆ ಕೊಟ್ಟ ಕಾರಣಗಳಲ್ಲಿ ತೆಂಕಣ ಗಾಳಿಯೂ ಒಂದು. ಗಂಡಿನ ಬೀಜ ತನ್ನಂಥದ್ದನ್ನೇ ಹುಟ್ಟಿಸಲು ಹವಣಿಸುತ್ತದಂತೆ. ಆ ಬೀಜದ ಕಸುವು ಕುಂದಿದರೆ, ತಾಯಿಯ ಕಡೆಯ ದ್ರವ್ಯ ಹದವಾಗಿರದಿದ್ದರೆ, ಅಥವಾ ತೇವ ಹೊತ್ತ ದಕ್ಷಿಣದ ಗಾಳಿ ಬೀಸಿದರೆ ಹುಟ್ಟುವುದು ಹೆಣ್ಣು. ಮಾತು ಮೂಲದಲ್ಲಿ ಅರಿಸ್ಟಾಟಲನದು. ಅಕ್ವಿನಾಸ್ ಅದನ್ನು ತಮ್ಮ ಮಹಾಗ್ರಂಥ ‘ಸುಮ್ಮಾ ಥಿಯೊಲಾಜಿಯೆ’ಯ ಮೊದಲ ಭಾಗಕ್ಕೆ ತಂದುಕೊಂಡರು.

ನಕ್ಕು ಪುಟ ಮಗುಚಬಹುದು. ನನಗೆ ಅದು ಆಗುವುದಿಲ್ಲ. ಬೆರಗೆಂದರೆ ಕಾರಣ ತಿಳಿಯುವ ಹಂಬಲ, ಅದರಲ್ಲೇ ಒಂದು ಸುಖವಿದೆ ಎಂದು ವಿವರಿಸಿದವರೂ ಇದೇ ಅಕ್ವಿನಾಸ್. ದೇವದೂತರ ಅರಿವು ಹೇಗಿರುತ್ತದೆ ಎಂಬುದರವರೆಗೆ ಪ್ರಶ್ನೆ ಕೇಳುತ್ತಲೇ ಹೋದ ಮನುಷ್ಯ. ಅಂಥವರು ಹೆಣ್ಣಿನ ವಿಷಯಕ್ಕೆ ಬಂದಾಗ ಹಳೆಯ ಗ್ರೀಕ್ ಪುಸ್ತಕ ಹೇಳಿದ್ದನ್ನು ಹಾಗೇ ಒಪ್ಪಿಕೊಂಡರಲ್ಲ!

ಅವರಿಗೆ ಅನ್ಯಾಯ ಮಾಡಬಾರದು. ಬೀಜದ ಲೆಕ್ಕದಲ್ಲಿ ಮಾತ್ರ ಹೆಣ್ಣು ಕೊರತೆ, ಇಡೀ ಸೃಷ್ಟಿಯ ಲೆಕ್ಕದಲ್ಲಿ ಅವಳು ದೇವರು ಬಯಸಿ ಮಾಡಿದವಳು ಎಂದು ಅವರೇ ಮುಂದೆ ಬರೆಯುತ್ತಾರೆ. ದೇವರ ಹೋಲಿಕೆ ಇರುವುದು ಬುದ್ಧಿಯಲ್ಲಿ, ಅಲ್ಲಿ ಗಂಡು ಹೆಣ್ಣೆಂಬ ಭೇದವಿಲ್ಲ ಎಂದೂ ಹೇಳುತ್ತಾರೆ. ಮೈಗುರುತು ಏನೇ ಇರಲಿ, ಒಳಗೆ ಸುಳಿಯುವ ಆತ್ಮ ಎರಡೂ ಅಲ್ಲ ಎಂದ ಜೇಡರ ದಾಸಿಮಯ್ಯನನ್ನು ಓದಿದ ಕನ್ನಡಿಗರಿಗೆ ಇದು ತೀರ ಪರಿಚಿತವಾದ ಮಾತು. ಆದರೆ ಅಕ್ವಿನಾಸರ ವಾದ ಹೊಸ್ತಿಲವರೆಗೆ ಬಂದು ಅಲ್ಲೇ ನಿಂತುಬಿಡುತ್ತದೆ. ಹೆಣ್ಣು ಗಂಡಿಗೆ ನೆರವಾಗುವುದು ಸಂತಾನದಲ್ಲಿ ಮಾತ್ರ. ಉಳಿದ ಕೆಲಸಕ್ಕೆಲ್ಲ ಗಂಡಿಗೆ ಗಂಡೇ ಹೆಚ್ಚಿನ ನೆರವು. ಅಧೀನಳಾದವಳಿಗೆ ಗುರುಪಟ್ಟ ಸಲ್ಲದು. ಬುದ್ಧಿಗೆ ಲಿಂಗವಿಲ್ಲ ಎಂದ ಮೇಲೆ ಈ ನಿರ್ಣಯ ಹೇಗೆ ಬಂತು? ತರ್ಕದಿಂದ ಬಂದಂತೆ ನನಗೆ ಕಾಣುವುದಿಲ್ಲ. ಸುತ್ತಲಿನ ರೂಢಿಯೇ ತರ್ಕದ ವೇಷ ತೊಟ್ಟು ಬಂತು.

ಅದೇ ಚರ್ಚು ಸಿಯೆನಾದ ಕ್ಯಾಥರೀನ್ ಮತ್ತು ಆವಿಲಾದ ತೆರೇಸಾ ಅವರನ್ನು ‘ಚರ್ಚಿನ ಆಚಾರ್ಯ’ರೆಂದು ಸಾರಿದ್ದು 1970ರಲ್ಲಿ. ಅಕ್ವಿನಾಸರಿಗಿರುವ ಬಿರುದು ಹೆಂಗಸರಿಗೆ ಸಂದದ್ದು ಅದೇ ಮೊದಲು. ಧಾರವಾಡದಲ್ಲಿ ಅಕ್ಕಮಹಾದೇವಿಯ ಹೆಸರಿನಲ್ಲಿ ಆಶ್ರಮ ಕಟ್ಟಿದ್ದ ಮಾತೆ ಮಹಾದೇವಿ ಅವರು ಜಗದ್ಗುರು ಪಟ್ಟಕ್ಕೇರಿದ್ದೂ 1970ರಲ್ಲೇ. ಲಿಂಗಾಯತರಲ್ಲಿ ಹೆಂಗಸೊಬ್ಬರು ಆ ಸ್ಥಾನಕ್ಕೆ ಬಂದದ್ದು ಅದೇ ಮೊದಲು. ರೋಮಿಗೂ ಧಾರವಾಡಕ್ಕೂ ಈ ವಿಷಯದಲ್ಲಿ ಮಾತುಕತೆ ಏನೂ ಇರಲಿಲ್ಲ. ಆದರೂ ಒಂದೇ ವರ್ಷ. ರೋಮಿನಲ್ಲಿ ಪಾದ್ರಿಪಟ್ಟ ಮಾತ್ರ ಇವತ್ತಿಗೂ ಗಂಡಸರಿಗೇ ಮೀಸಲು. 1994ರಲ್ಲಿ ಪೋಪ್ ಎರಡನೆಯ ಜಾನ್ ಪಾಲ್ ಅದನ್ನು ಮತ್ತೊಮ್ಮೆ ಖಚಿತಪಡಿಸಿದರು.

ತಿಳಿವಳಿಕೆ ಬೆಳೆದರೆ ಇಂಥ ರೂಢಿ ತಾನಾಗಿ ಸಡಿಲುತ್ತದೆ ಎಂದು ನಂಬಲು ಆಸೆ. ಸತ್ತೂರಿಗೆ ಬಂದರೆ ಆ ನಂಬಿಕೆ ಅಲುಗುತ್ತದೆ. ಹುಬ್ಬಳ್ಳಿ ಧಾರವಾಡದ ನಡುವೆ, ಪಿ.ಬಿ. ರಸ್ತೆಯ ಬದಿಗೆ, ಎಸ್‌ಡಿಎಂ ವೈದ್ಯಕೀಯ ಕಾಲೇಜಿನ ದೊಡ್ಡ ಆವರಣ. ಚಿಗರಿ ಬಸ್ಸಿನಿಂದ ಇಳಿದು ಬಿಳಿ ಕೋಟು ಕೈಮೇಲೆ ಹಾಕಿಕೊಂಡು ಹೋಗುವ ಹುಡುಗಿಯರ ಸಾಲು ನೋಡಿದರೆ, ಉಳಿದ ಕೆಲಸಕ್ಕೆ ಹೆಣ್ಣು ನೆರವಾಗಲಾರಳು ಎಂಬ ಮಾತು ಎಂದೋ ಬಿದ್ದುಹೋಯಿತು ಅನ್ನಿಸುತ್ತದೆ. ಆದರೆ ಇಲ್ಲಿಯೂ, ದೇಶದ ಎಲ್ಲ ಕಡೆ ಇರುವಂತೆಯೇ, ಸ್ಕ್ಯಾನಿಂಗ್ ಕೋಣೆಗೆ ಒಂದು ಬೋರ್ಡು ಬೇಕು. ಗರ್ಭದಲ್ಲಿರುವುದು ಗಂಡೋ ಹೆಣ್ಣೋ ಎಂದು ಹೇಳುವುದಿಲ್ಲ, ಹೇಳುವುದು ಅಪರಾಧ ಎಂಬ ಬೋರ್ಡು. 1994ರ ಕಾಯ್ದೆಯ ಕಟ್ಟಳೆ ಅದು.

ಮಗುವಿನ ಲಿಂಗ ಗೊತ್ತಾಗುವುದು ತಂದೆಯ ಕಡೆಯಿಂದ ಬರುವ ಎಕ್ಸ್ ಅಥವಾ ವೈ ವರ್ಣತಂತುವಿನಿಂದ. 1905ರಲ್ಲಿ ಇದರ ಸುಳಿವು ಹಿಡಿದವರಲ್ಲಿ ಅಮೆರಿಕದ ನೆಟ್ಟಿ ಸ್ಟೀವನ್ಸ್ ಎಂಬ ಹೆಂಗಸೂ ಒಬ್ಬರು. ಹಿಟ್ಟಿನಲ್ಲಿ ಬೀಳುವ ಹುಳದ ಜೀವಕೋಶಗಳನ್ನು ಸೂಕ್ಷ್ಮದರ್ಶಕದಡಿ ಇಟ್ಟು, ಗಂಡು ಹುಳದಲ್ಲಿ ಮಾತ್ರ ಇದ್ದ ಒಂದು ಪುಟ್ಟ ವರ್ಣತಂತುವನ್ನು ಗುರುತಿಸಿದರು. ಗಾಳಿಯ ಮಾತು ಅಲ್ಲಿಗೆ ಮುಗಿಯಿತು. ಅಷ್ಟಾದರೂ ಹೆಣ್ಣು ಹೆತ್ತದ್ದಕ್ಕೆ ಸೊಸೆಯನ್ನೇ ಬೈಯುವ ಮನೆಗಳು ನಮ್ಮಲ್ಲಿ ಉಳಿದಿವೆ. ಬೋರ್ಡಿನ ಕೆಳಗಿನ ಬೆಂಚಿನ ಮೇಲೆ ಕೂತ ಅಜ್ಜಿಯೊಬ್ಬಳು ಸೊಸೆಯ ಬೆನ್ನು ಸವರುತ್ತ, “ಯಾವ್ದರ ಆಗ್ಲಿ ಯವ್ವಾ, ಕೈಕಾಲು ನೆಟ್ಟಗಿದ್ರ ಸಾಕು” ಅಂದದ್ದನ್ನು ಕೇಳಿದ್ದೇನೆ. ಆಕೆಗೆ ವರ್ಣತಂತುವಿನ ಸುದ್ದಿ ಗೊತ್ತಿರಲಿಕ್ಕಿಲ್ಲ. ಎಲ್ಲ ಗೊತ್ತಿದ್ದೂ ಗುಟ್ಟಾಗಿ ಕೇಳಲು ಬರುವವರಿಗಾಗಿಯೇ ಆ ಬೋರ್ಡು.

ಹಾಗಾದರೆ ರೂಢಿಯ ಹೊಸ್ತಿಲನ್ನು ಮನಸ್ಸು ದಾಟುವುದು ಹೇಗೆ? ಇದಕ್ಕೆ ಉತ್ತರದ ಒಂದು ತುಣುಕು ಈ ನೆಲದಲ್ಲೇ ಇದೆ.

ಧಾರವಾಡದಿಂದ ಲೋಂಡಾದ ರೈಲು ಹಿಡಿದರೆ ಸಿಗುವ ಮುಗದ ಎಂಬ ಊರಿನಲ್ಲಿ 11ನೆಯ ಶತಮಾನದ ಶಾಸನವೊಂದಿದೆ. ಅದರಲ್ಲಿ ಯಾಪನೀಯ ಸಂಘದ ಹೆಸರಿದೆ. ಈಗ ಪೂರ್ತಿ ಅಳಿದುಹೋಗಿರುವ ಈ ಜೈನ ಪಂಥ ಒಂದು ಕಾಲಕ್ಕೆ ಉತ್ತರ ಕರ್ನಾಟಕದಲ್ಲಿ ಬಲವಾಗಿ ಬೇರೂರಿತ್ತು. ಅದರ ಮುನಿಗಳು ದಿಗಂಬರರಂತೆ ಬತ್ತಲೆ ಇರುತ್ತಿದ್ದರು. ಆದರೆ ಹೆಣ್ಣಿಗೆ ಹೆಣ್ಣಿನ ಜನ್ಮದಲ್ಲೇ ಮೋಕ್ಷವುಂಟು ಎನ್ನುತ್ತಿದ್ದರು. 9ನೆಯ ಶತಮಾನದಲ್ಲಿ, ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಈ ಪಂಥದ ವೈಯಾಕರಣ ಶಾಕಟಾಯನ ಇದನ್ನು ಸಾಧಿಸಲೆಂದೇ ಸಂಸ್ಕೃತದಲ್ಲಿ ಒಂದು ಪ್ರಕರಣ, ಅಂದರೆ ಕಿರುಗ್ರಂಥ, ಬರೆದ. ಅಕ್ವಿನಾಸರು ಹುಟ್ಟಲು ಇನ್ನೂ ಮುನ್ನೂರಕ್ಕೂ ಹೆಚ್ಚು ವರ್ಷ ಇತ್ತು.

ಎದುರಾಳಿ ದಿಗಂಬರರ ವಾದ ಹೀಗೆ: ಮೋಕ್ಷಕ್ಕೆ ಸರ್ವಪರಿಗ್ರಹತ್ಯಾಗ, ಅಂದರೆ ಇರುವುದೆಲ್ಲವನ್ನೂ ಬಿಡುವುದು, ಬೇಕು, ಬಟ್ಟೆಯೂ ಪರಿಗ್ರಹವೇ, ಹೆಣ್ಣು ಬಟ್ಟೆ ಬಿಡುವಂತಿಲ್ಲ, ಆದ್ದರಿಂದ ಮೋಕ್ಷವಿಲ್ಲ. ಶಾಕಟಾಯನ ಹೇಳುತ್ತಾನೆ: ಪರಿಗ್ರಹವೆಂದರೆ ವಸ್ತುವಲ್ಲ, ವಸ್ತುವಿನ ಮೇಲಿನ ಮೋಹ. ಮೋಕ್ಷಕ್ಕೆ ಕಾರಣ ಸಮ್ಯಗ್ದರ್ಶನ, ಜ್ಞಾನ, ಚಾರಿತ್ರ. ಇವು ಹೆಣ್ಣಿನಲ್ಲಿ ಇರಲಾರವು ಎನ್ನಲು ಪ್ರಮಾಣ ಎಲ್ಲಿದೆ? ಏಳನೆಯ ನರಕಕ್ಕೆ ಬೀಳುವಷ್ಟು ಕೇಡು ಮಾಡಲಾರದ ಹೆಣ್ಣು ಮೋಕ್ಷಕ್ಕೇರುವಷ್ಟು ಒಳಿತನ್ನೂ ಮಾಡಲಾರಳು ಎಂಬ ಇನ್ನೊಂದು ಆಕ್ಷೇಪವಿತ್ತು. ಬೀಳುವ ಶಕ್ತಿಗೂ ಏರುವ ಶಕ್ತಿಗೂ ಏನು ಸಂಬಂಧ ಎಂದು ಅದನ್ನೂ ಕಳಚುತ್ತಾನೆ. ಗಂಡಸರು ಹೆಂಗಸರಿಗೆ ನಮಸ್ಕರಿಸುವುದಿಲ್ಲವಲ್ಲ ಅಂದರೆ, ಗುರುಗಳೂ ಶಿಷ್ಯರಿಗೆ ನಮಸ್ಕರಿಸುವುದಿಲ್ಲ, ಹಾಗಂತ ಶಿಷ್ಯರಿಗೆ ಮೋಕ್ಷ ತಪ್ಪುತ್ತದೆಯೇ?

ಈ ವಾದ ನನ್ನನ್ನು ಎಷ್ಟು ಸಲ ಓದಿದರೂ ತಡೆದು ನಿಲ್ಲಿಸುತ್ತದೆ. ಬರೆದವನು ಗಂಡಸು, ಗೆದ್ದರೆ ಅವನಿಗೆ ಬರುವ ಲಾಭವೇನೂ ಇರಲಿಲ್ಲ. ಹೊಸ ವಿಜ್ಞಾನವೂ ಅವನ ಕೈಯಲ್ಲಿರಲಿಲ್ಲ. ಪ್ರಮಾಣ ಎಲ್ಲಿ ಎಂಬ ಪ್ರಶ್ನೆಯನ್ನು ರೂಢಿಯ ಮುಂದೆಯೂ ನಿಲ್ಲಿಸದೆ ಕೇಳಿದ, ಅಷ್ಟೇ. ಮುಂದೆ ದಿಗಂಬರ ತಾರ್ಕಿಕ ಪ್ರಭಾಚಂದ್ರ ಇದನ್ನು ಖಂಡಿಸಿದ. ಯಾಪನೀಯರು ಅಳಿದರು, ಅವರ ಬಸದಿಗಳು ದಿಗಂಬರರವಾದವು. ಪ್ರಕರಣವನ್ನು ಕಾಪಾಡಿದ್ದು ಶ್ವೇತಾಂಬರ ಭಂಡಾರಗಳು.

ಒಂದು ಕೊರಗು ಮಾತ್ರ ಹೋಗುವುದಿಲ್ಲ. ಅಕ್ವಿನಾಸರ ಸುಮ್ಮಾದಲ್ಲಿ ಹೆಣ್ಣಿನ ದನಿಯಿಲ್ಲ, ಶಾಕಟಾಯನನ ಪ್ರಕರಣದಲ್ಲೂ ಇಲ್ಲ. ಆ ಕಾಲಕ್ಕೆ ಕನ್ನಡನಾಡಿನಲ್ಲಿ ಕಂತಿಯರೆಂಬ ಜೈನ ಸನ್ಯಾಸಿನಿಯರಿದ್ದರು, ವ್ರತ ಹಿಡಿದು ಊರೂರು ತಿರುಗುತ್ತಿದ್ದರು. ತಮ್ಮ ಮೋಕ್ಷದ ಬಗ್ಗೆ ನಡೆದ ಈ ಜಗಳಕ್ಕೆ ಅವರು ಏನೆಂದಿರಬಹುದು?

ಬಟ್ಟೆಯ ಪ್ರಶ್ನೆಗೆ ಹೆಣ್ಣೊಬ್ಬಳು ಎದುರು ನಿಂತು ಉತ್ತರ ಹೇಳಿದ್ದು 12ನೆಯ ಶತಮಾನದ ಕಲ್ಯಾಣದಲ್ಲಿ. ಉಡುತಡಿಯ ಮಹಾದೇವಿ ಬಟ್ಟೆ ಬಿಟ್ಟೇ ಬಂದಿದ್ದಳು. ಎಲ್ಲ ಬಿಟ್ಟವಳು ಕೂದಲಲ್ಲಿ ಮೈ ಮುಚ್ಚಿಕೊಂಡಿದ್ದೇಕೆ ಎಂದು ಶರಣ ಅಲ್ಲಮ ಕೇಳಿದನೆಂದು ‘ಶೂನ್ಯಸಂಪಾದನೆ’ ಹೇಳುತ್ತದೆ. ಅಳುಕದೆ, ಅದು ತನಗಾಗಿ ಅಲ್ಲ, ನೋಡುವ ನಿಮಗೆ ನೋವಾಗದಿರಲೆಂದು ಎಂಬರ್ಥದ ಉತ್ತರ ಕೊಟ್ಟಳು ಅಕ್ಕ. ಅಲ್ಲಮ ಅಷ್ಟಕ್ಕೇ ಬಿಡಲಿಲ್ಲ, ಮತ್ತೆ ಮತ್ತೆ ಪ್ರಶ್ನಿಸಿದ; ಕೊನೆಗೆ ತುಂಬಿದ ಸಭೆಯಲ್ಲಿ ಆಕೆಯ ನಿಲುವನ್ನು ಒಪ್ಪಿಕೊಂಡ.