ನೋವನ್ನು ಸಹಿಸುವುದು ಪುಣ್ಯವೇ?

ದಾಂಡೇಲಿಯ ಸಮೀಪದ ಕೋಗಿಲಬನದಲ್ಲಿ ನಮ್ಮ ನೆಂಟರ ಮನೆಯೊಂದಿದೆ. ಊರಿನ ಹೆಸರು ಕೇಳಿದವರಿಗೆ ಕೋಗಿಲೆಗಳ ತೋಪು ನೆನಪಾದೀತು. ಕಳೆದ ಸಲ ಅಲ್ಲಿ ನನ್ನ ಕಿವಿಗೆ ಬಿದ್ದದ್ದು ಮಾತ್ರ ಅಜ್ಜಿ ಮೊಮ್ಮಗಳ ಒಂದು ಸಣ್ಣ ವಾದ. ನಡುಮನೆಯಲ್ಲಿ ನಾವು ಹೆಂಗಸರಷ್ಟೇ ಕುಳಿತಿದ್ದೆವು. ಮೊಮ್ಮಗಳು ದಾಂಡೇಲಿಗೆ ಕಚೇರಿ ಕೆಲಸಕ್ಕೆ ಹೋಗುವ ಹುಡುಗಿ. ಅಂಗೈಯಲ್ಲಿ ಅಡಗುವ ಒಂದು ಯಂತ್ರ ಅವಳ ಬಳಿಯಿತ್ತು. ಅದರ ತಂತಿಗಳ ತುದಿಯಲ್ಲಿದ್ದ ಅಂಟುಪಟ್ಟಿಗಳನ್ನು ಸೊಂಟಕ್ಕೆ ಹಚ್ಚಿಕೊಂಡಿದ್ದಳು.

“ಇದೇನವ್ವಾ, ಮೈಗೆ ಕರೆಂಟು ಹಚ್ಚಿಕೊಂಡೀ?” ಎಂದರು ಅಜ್ಜಿ.

“ತಿಂಗಳ ಹೊಟ್ಟಿನೋವಿಗೆ ಅಜ್ಜಿ. ಇದರಿಂದ ಕಡಿಮಿ ಅನಸ್ತದ.”

“ನಾವೇನು ಹೆಣ್ಣಾಗಿ ಹುಟ್ಟಿದ್ದಿಲ್ಲೇನು? ಆರು ಮಂದೀನ್ನ ಹಡದೇನಿ. ಹಲ್ಲು ಕಚ್ಚಿಕೊಂಡು ಸಹಿಸಿದಿವಿ.”

‘ಸಹಿಸಿದಿವಿ’ ಎಂಬ ಮಾತಿನಲ್ಲಿ ಹೆಮ್ಮೆಯೂ ಇತ್ತು, ಆಕ್ಷೇಪಣೆಯೂ ಇತ್ತು. ಊರಿಂದ ಮರಳಿದ ಮೇಲೂ ಅದು ನನ್ನನ್ನು ಬಿಡಲಿಲ್ಲ. ನೀಗಬಹುದಾದ ನೋವನ್ನು ನೀಗಿಸಿಕೊಳ್ಳದೆ ಸಹಿಸುವುದು ಗುಣವೆ? ಗುಣವೇ ಆಗಿದ್ದರೆ, ಅದನ್ನು ಹೆಂಗಸರಿಂದಲೇ ಹೆಚ್ಚಾಗಿ ನಿರೀಕ್ಷಿಸುವುದೇಕೆ?

ಈ ಪ್ರಶ್ನೆ ನಮ್ಮ ದೇಶದ್ದಷ್ಟೇ ಅಲ್ಲ. 1847ರಲ್ಲಿ ಎಡಿನ್‌ಬರೋದ ವೈದ್ಯ ಜೇಮ್ಸ್ ಯಂಗ್ ಸಿಂಪ್ಸನ್ ಹೆರಿಗೆಯ ವೇದನೆಗೆ ಈಥರನ್ನೂ ಆಮೇಲೆ ಕ್ಲೋರೋಫಾರ್ಮನ್ನೂ ಬಳಸಿದ. ಹೆಣ್ಣು ನೋವಿನಲ್ಲಿಯೇ ಹೆರಬೇಕೆಂದು ಬೈಬಲ್ಲೇ ವಿಧಿಸಿದೆಯಲ್ಲ ಎಂಬ ಆಕ್ಷೇಪಕ್ಕೆ ಅವನು ಉತ್ತರ ಬರೆಯಬೇಕಾಯಿತು. ಆದಮನ ಪಕ್ಕೆಲುಬನ್ನು ತೆಗೆಯುವ ಮೊದಲು ದೇವರು ಅವನಿಗೆ ಗಾಢನಿದ್ರೆ ಬರಿಸಲಿಲ್ಲವೆ ಎಂದು ಅದೇ ಗ್ರಂಥದಿಂದ ತಿರುಗಿ ಕೇಳಿದ. 1853ರಲ್ಲಿ ವಿಕ್ಟೋರಿಯಾ ರಾಣಿಯೇ ಹೆರಿಗೆಯಲ್ಲಿ ಕ್ಲೋರೋಫಾರ್ಮ್ ತೆಗೆದುಕೊಂಡಳು. ಸಾಮಾನ್ಯಳಿಗೆ ಪಾಪವೆನಿಸಿದ್ದು ರಾಣಿಗೆ ಸಲ್ಲುವುದಾದರೆ, ಪಾಪ ಯಾವುದೆಂದು ಯೋಚಿಸಬೇಕಾದುದೇ.

ಇನ್ನು ಈ ಯಂತ್ರ. ಮೊಳಕಾಲಿಗೆ ಪೆಟ್ಟಾದ ಮಗುವಿಗೆ ತಾಯಿ ಏನು ಮಾಡುತ್ತಾಳೆ? ಆ ಜಾಗವನ್ನು ಉಜ್ಜುತ್ತಾಳೆ. ಉಜ್ಜಿದರೆ ನೋವು ತಗ್ಗುವುದೇಕೆಂಬುದಕ್ಕೆ 1965ರಲ್ಲಿ ರೊನಾಲ್ಡ್ ಮೆಲ್ಜಾಕ್ ಮತ್ತು ಪ್ಯಾಟ್ರಿಕ್ ವಾಲ್ ಎಂಬ ವಿಜ್ಞಾನಿಗಳು ಒಂದು ಸಿದ್ಧಾಂತ ಮುಂದಿಟ್ಟರು. ಬೆನ್ನುಹುರಿಯಲ್ಲಿ ಒಂದು ಬಾಗಿಲಿದ್ದಂತೆ. ಸ್ಪರ್ಶದ ಸುದ್ದಿಯನ್ನು ತರುವ ದಪ್ಪ ನರತಂತುಗಳು ಚುರುಕಾದಾಗ, ಸಣ್ಣ ತಂತುಗಳು ತರುವ ನೋವಿನ ಸುದ್ದಿಗೆ ಆ ಬಾಗಿಲು ಅರೆ ಮುಚ್ಚುತ್ತದೆ. ಯಂತ್ರವು ಸಣ್ಣ ವಿದ್ಯುತ್ ಮಿಡಿತಗಳಿಂದ ಚರ್ಮದ ಮೇಲೆ ಜುಮುಗುಟ್ಟಿಸಿ ಆ ದಪ್ಪ ತಂತುಗಳನ್ನೇ ಎಬ್ಬಿಸುತ್ತದೆ. ಉಜ್ಜುವ ಕೈ ಮಾಡುತ್ತಿದ್ದ ಕೆಲಸವೇ ಇದು.

ಇದನ್ನು ಸರ್ವರೋಗ ಸಂಜೀವಿನಿಯೆಂದು ಹೊಗಳುವ ಇಚ್ಛೆ ನನಗಿಲ್ಲ. ತಿಂಗಳ ನೋವಿನಲ್ಲಿ ಇದು ಉಪಶಮನ ಕೊಡುವಂತೆ ಪ್ರಯೋಗಗಳು ಸೂಚಿಸುತ್ತವೆ. ಆದರೆ ಆ ಸಾಕ್ಷ್ಯ ಇನ್ನೂ ಗಟ್ಟಿಯಾಗಬೇಕು. ಹೆರಿಗೆಯಲ್ಲಿ ಅಳೆದು ನೋಡಿದಾಗ ನೋವು ಅಷ್ಟೇನೂ ತಗ್ಗಿರಲಿಲ್ಲ. ಆದರೂ ಬಳಸಿದ ಬಹುಮಂದಿ ಹೆಂಗಸರು, ಮುಂದಿನ ಹೆರಿಗೆಯಲ್ಲಿಯೂ ಬೇಕೆಂದರು.

ವಿಚಿತ್ರವಲ್ಲವೆ? ಅವರು ಮೋಸಹೋದರೆಂದು ನಗುವುದು ಸುಲಭ. ನನಗೆ ಹಾಗೆ ತೋರುವುದಿಲ್ಲ. ಯಂತ್ರದ ಗುಂಡಿ ಅವರ ಕೈಯಲ್ಲಿಯೇ ಇತ್ತು. ಹೆಚ್ಚಿಸುವುದು, ತಗ್ಗಿಸುವುದು, ಸಾಕೆನ್ನುವುದು ಎಲ್ಲವೂ ಅವರ ಇಚ್ಛೆ. ಮಲಗು, ತಿರುಗು, ಕೂಗಬೇಡ ಎಂದು ಎಲ್ಲರೂ ಅಪ್ಪಣೆ ಕೊಡುವ ಹೊತ್ತಿನಲ್ಲಿ ತನ್ನ ದೇಹದ ಮೇಲೆ ತನಗೂ ಒಂದಿಷ್ಟು ಅಧಿಕಾರ ಉಳಿದಿದೆಯೆಂಬುದು ಸಣ್ಣ ಸಮಾಧಾನವೇನಲ್ಲ.

ತಪಸ್ಸಿಗೂ ಶಿಕ್ಷೆಗೂ ಇರುವ ಭೇದವೂ ಇಲ್ಲಿಯೇ ಇದೆ. ತಾನೇ ಬಯಸಿ ಉಪವಾಸ ಮಾಡುವವನನ್ನು ವ್ರತಸ್ಥನೆನ್ನುತ್ತೇವೆ. ಅನ್ನವಿಲ್ಲದೆ ಹಸಿದವನಿಗೆ ಉಪವಾಸದ ಮಹಿಮೆಯನ್ನು ಬೋಧಿಸಿದರೆ ಅದು ಕ್ರೌರ್ಯ. ಔಷಧ ಬೇಡ, ಯಂತ್ರ ಬೇಡವೆಂದು ಒಬ್ಬಳು ತಾನಾಗಿ ನಿಶ್ಚಯಿಸಿದರೆ ಅವಳ ಧೈರ್ಯಕ್ಕೆ ಕೈಮುಗಿಯೋಣ. ಆದರೆ ಸಹನೆ ಹೆಣ್ಣಿನ ಭೂಷಣವೆಂದು ಪಕ್ಕದಲ್ಲಿ ನಿಂತವರು ಹೇಳಿದರೆ, ಅವರು ಹೊಗಳುತ್ತಿರುವುದು ಅವಳ ಸಹನೆಯನ್ನಲ್ಲ, ತಮ್ಮ ನಿಶ್ಚಿಂತೆಯನ್ನು.

ಇದರಲ್ಲಿಯೇ ಇನ್ನೊಂದು ಅಪಾಯವೂ ಇದೆ. ಬಟ್ಟೆಯೊಳಗೆ ಅಡಗುವ ಈ ಯಂತ್ರ ನೋವನ್ನಷ್ಟೇ ಅಲ್ಲ, ನೊಂದವಳನ್ನೂ ಅಡಗಿಸಬಲ್ಲುದು. “ಯಂತ್ರ ಕಟ್ಟಿಕೊಂಡು ಕೆಲಸಕ್ಕೆ ಬಾರಮ್ಮ” ಎನ್ನುವುದು ಮಾಲೀಕನಿಗೆ ಅನುಕೂಲದ ಮಾತು. 2025ರ ಅಕ್ಟೋಬರಿನಲ್ಲಿ ಕರ್ನಾಟಕದ ಸಚಿವ ಸಂಪುಟ, ದುಡಿಯುವ ಹೆಂಗಸರಿಗೆ ತಿಂಗಳಿಗೊಂದು ದಿನ ಸಂಬಳಸಹಿತ ಮುಟ್ಟಿನ ರಜೆಯ ನೀತಿಗೆ ಒಪ್ಪಿಗೆ ಕೊಟ್ಟಿತು. ಯಂತ್ರವಿದೆಯಲ್ಲ, ರಜೆಯೇಕೆ ಎಂದು ಯಾರೂ ಕೇಳುವಂತಾಗಬಾರದು. ತಿಂಗಳಿಂದ ತಿಂಗಳಿಗೆ ನೋವು ಏರುತ್ತಿದ್ದರೆ, ಅದರ ಬೆನ್ನಿಗೆ ರೋಗವಿರಬಹುದು. ಅಂಥಲ್ಲಿ ಬಾಗಿಲು ಮುಚ್ಚಿ ಕೂರುವುದಕ್ಕಿಂತ ವೈದ್ಯರ ಬಾಗಿಲು ತಟ್ಟುವುದೇ ವಿವೇಕ. ಅಲ್ಲಿ “ಇದೆಲ್ಲ ಇರುವುದೇ” ಎಂಬ ಉತ್ತರ ಬಂದರೆ, ಆ ಅಜ್ಜಿಯ ಮಾತನ್ನೇ ವಿದ್ಯಾವಂತರ ಬಾಯಲ್ಲಿ ಕೇಳಿದಂತಾಯಿತು.

ಅಜ್ಜಿಯನ್ನು ದೂರುವುದಕ್ಕೆ ನಾನು ಇದನ್ನು ಬರೆಯಲಿಲ್ಲ. ಅಂದು ಸಂಜೆ ಹೊರಡುವ ಮೊದಲು ಕೇಳಿದ್ದೆ: “ಹಡೆಯುವಾಗ ಖರೇನ ಹಲ್ಲು ಕಚ್ಚಿಕೊಂಡೇ ಇದ್ರೇನಜ್ಜಿ?” ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ನಮ್ಮವ್ವ ರಾತ್ರೆಲ್ಲಾ ಬೆನ್ನು ತಿಕ್ಕತಿದ್ಲು” ಎಂದರು. ಆಮೇಲೆ ಮೊಮ್ಮಗಳ ಕಡೆ ತಿರುಗಿ, “ಪಟ್ಟಿ ಸರಿಯಾಗಿ ಅಂಟೇದೇನು ನೋಡ್ಕೋ” ಎಂದರು.

ಹಿಂದಿನವರು ಸಹಿಸಿದ್ದು ನಿಜ. ಆದರೆ ಅವರ ಬೆನ್ನ ಮೇಲೆ ಒಂದು ಕೈಯಿತ್ತು. ಸಹನೆಯನ್ನು ನೆನಪಿಟ್ಟುಕೊಂಡ ನಾವು ಆ ಕೈಯನ್ನು ಮರೆತೆವು.