ಬಸ್ಸಿನ ಮೈ, ಒಳಗಿನವರ ಕಣ್ಣು

ವನದುರ್ಗದಿಂದ ಶಹಾಪುರದ ಕಡೆಗೆ ಓಡಾಡುವ ಟಂಟಂಗಳ ಬೆನ್ನ ಮೇಲೆ ಬರೆದದ್ದನ್ನೆಲ್ಲ ಓದುವುದು ನನ್ನ ಹಳೆಯ ಚಟ. ಮನೆದೇವರ ಹೆಸರು, ಮಕ್ಕಳ ಹೆಸರು, ಹೊಟ್ಟೆಕಿಚ್ಚು ಪಡುವವರಿಗೆ ಒಂದು ಬುದ್ಧಿಮಾತು. ಅದರ ಪಕ್ಕದಲ್ಲೇ ಹತ್ತಿ ಬೀಜದ್ದೋ ಕೀಟನಾಶಕದ್ದೋ ದೊಡ್ಡ ಸ್ಟಿಕರ್. ಎರಡೂ ಒಂದೇ ತಗಡಿನ ಮೇಲಿವೆ. ಎರಡನ್ನೂ ತೋರಿಸಿ ಎಂದು ನಾನು ಯಾರನ್ನೂ ಕೇಳಿಲ್ಲ. ಆದರೂ ಮೊದಲನೆಯದು ಮಾಲೀಕನ ಮಾತು, ಎರಡನೆಯದು ಅವನ ವಾಹನ ಬಾಡಿಗೆಗೆ ಹೊತ್ತು ತಿರುಗುವ ಮಾತು. ನೈತಿಕವಾಗಿ ಇವೆರಡೂ ಒಂದೆಯೇ? ವಾಹನಕ್ಕೆ ಜಾಹೀರಾತು ಹೊದಿಸಲು ಪರವಾನಗಿ ಬೇಕು ಎಂದು ನಗರಗಳು ನಿಯಮ ಮಾಡುವಾಗ ಅದರ ತಳದಲ್ಲಿರುವ ಪ್ರಶ್ನೆ ಇದೇ.

ಈ ಪ್ರಶ್ನೆ 1949ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನ ಮುಂದೆ ಬಂದಿತ್ತು. ನ್ಯೂಯಾರ್ಕ್ ನಗರದ ಸಂಚಾರ ನಿಯಮವೊಂದು ಜಾಹೀರಾತು ವಾಹನಗಳನ್ನು ನಿಷೇಧಿಸಿತ್ತು. ತನ್ನದೇ ವ್ಯಾಪಾರದ ಹೆಸರನ್ನು ತನ್ನ ವಾಹನದ ಮೇಲೆ ಬರೆಸಿಕೊಳ್ಳಲು ಮಾತ್ರ ಅಡ್ಡಿಯಿರಲಿಲ್ಲ. ರೈಲ್ವೆ ಎಕ್ಸ್‌ಪ್ರೆಸ್ ಏಜೆನ್ಸಿ ಎಂಬ ಸರಕು ಸಾಗಣೆ ಕಂಪನಿಗೆ ಆ ನಗರದಲ್ಲಿ ಸುಮಾರು 1,900 ಟ್ರಕ್ಕುಗಳಿದ್ದವು. ಅವುಗಳ ಮೈಯನ್ನು ಅದು ಬೇರೆಯವರ ಜಾಹೀರಾತಿಗೆ ಕೊಡುತ್ತಿತ್ತು, ದಂಡ ಬಿತ್ತು. ಕಂಪನಿಯ ವಾದ ಸರಳ: ಚಾಲಕರ ಗಮನ ಕೆಡುತ್ತದೆ ಎನ್ನುವುದೇ ಕಾರಣವಾದರೆ, ಸ್ವಂತ ಜಾಹೀರಾತು ಕೆಡಿಸದ ಗಮನವನ್ನು ಪರರ ಜಾಹೀರಾತು ಹೇಗೆ ಕೆಡಿಸೀತು? ನ್ಯಾಯಾಲಯ ನಿಯಮವನ್ನೇ ಎತ್ತಿಹಿಡಿಯಿತು. ಮುಖ್ಯ ತೀರ್ಪು ಬರೆದವರು ವಿಲಿಯಂ ಡಗ್ಲಸ್. ಅದನ್ನು ಒಪ್ಪಿ ಪ್ರತ್ಯೇಕವಾಗಿ ಬರೆದ ರಾಬರ್ಟ್ ಜಾಕ್ಸನ್, ತನಗಾಗಿ ಮಾಡುವುದಕ್ಕೂ ಬಾಡಿಗೆಗಾಗಿ ಮಾಡುವುದಕ್ಕೂ ಇರುವ ವ್ಯತ್ಯಾಸವನ್ನು ಕಾನೂನು ಗುರುತಿಸಬಹುದು ಎಂದರು.

ಮೊದಲ ಓದಿಗೆ ಕಂಪನಿಯ ವಾದವೇ ಸರಿ ಎನಿಸುತ್ತದೆ. ಕಣ್ಣಿಗೆ ಬಣ್ಣವೆಲ್ಲ ಬಣ್ಣವೇ. ಆದರೆ ಸ್ವಂತ ಮಾತಿಗೆ ಅದರದೇ ಒಂದು ಮಿತಿ ಇದೆ. ಕಿರಾಣಿ ಅಂಗಡಿಯವನು ತನ್ನ ಗಾಡಿಯ ಮೇಲೆ ಅಂಗಡಿಯ ಹೆಸರು ಬರೆಸಿದರೆ, ಗಾಡಿ ಸರಕು ಹೊತ್ತಾಗ ಆ ಹೆಸರೂ ಜೊತೆಗೆ ತಿರುಗುತ್ತದೆ, ಅಷ್ಟೇ. ತೂಕದಲ್ಲಿ ಮೋಸವಾದರೆ ಯಾರ ಕೊರಳಪಟ್ಟಿ ಹಿಡಿಯಬೇಕೆಂದು ಊರಿಗೆ ಗೊತ್ತು. ಬಾಡಿಗೆಯ ಮಾತಿಗೆ ಆ ಮಿತಿಯೂ ಇಲ್ಲ, ಆ ಹೊಣೆಯೂ ಇಲ್ಲ. ಜಾಹೀರಾತು ತಿರುಗಲೆಂದೇ ವಾಹನ ತಿರುಗಬಹುದು. ಬೀಜ ಮೊಳೆಯದಿದ್ದರೆ ಟಂಟಂ ಮಾಲೀಕನನ್ನು ಯಾರೂ ಕೇಳಲಾರರು. ವ್ಯತ್ಯಾಸ ಇರುವುದು ಬಣ್ಣದಲ್ಲಲ್ಲ, ಮಾತಿನ ಹಿಂದೆ ನಿಂತವರು ಯಾರು ಎಂಬುದರಲ್ಲಿ.

ಹಾಗೆಂದು ಬಾಡಿಗೆಯ ಮಾತನ್ನು ಬಾಯಿ ಮುಚ್ಚಿಸಲೂ ಆಗದು. ಜಾಹೀರಾತೂ ಅಭಿವ್ಯಕ್ತಿ ಸ್ವಾತಂತ್ರ್ಯದ ಭಾಗವೇ ಎಂದು ನಮ್ಮ ಸುಪ್ರೀಂ ಕೋರ್ಟ್ 1995ರ ಟಾಟಾ ಪ್ರೆಸ್ ಪ್ರಕರಣದಲ್ಲಿ ಹೇಳಿದೆ. ಇನ್ನೊಂದು ಕಡೆ, ಸಾರ್ವಜನಿಕರ ಕಣ್ಣಿಗೆ ಬೀಳುವ ಸ್ಥಳಗಳ ಅಂದಗೆಡಿಸುವುದನ್ನು ತಡೆಯಲು ಕರ್ನಾಟಕದಲ್ಲಿ 1981ರ ಕಾನೂನಿದೆ. ಇವೆರಡರ ನಡುವೆ ಪರವಾನಗಿ ಎಂಬ ಕಾಗದ ಹುಟ್ಟುತ್ತದೆ. ಇಲ್ಲೊಂದು ತೊಡಕು: ಮಾಡುವುದು ತಪ್ಪಾದರೆ ಶುಲ್ಕ ಕಟ್ಟಿದ ಮಾತ್ರಕ್ಕೆ ಅದು ಸರಿಯಾದೀತೆ? ತಪ್ಪಲ್ಲವಾದರೆ ಶುಲ್ಕವೇಕೆ? ಊರ ಗಾಯರಾಣವನ್ನು ನೆನೆದರೆ ಅರ್ಧ ಉತ್ತರ ಸಿಗುತ್ತದೆ. ಒಂದು ಎಮ್ಮೆ ಮೇಯುವುದು ತಪ್ಪಲ್ಲ. ಎಲ್ಲರೂ ಹಿಂಡುಗಟ್ಟಲೆ ಬಿಟ್ಟರೆ ಹುಲ್ಲು ಉಳಿಯುವುದಿಲ್ಲ, ಅದಕ್ಕೇ ಲೆಕ್ಕ ಬೇಕು. ಆದರೆ ಉಳಿದರ್ಧ ಹಾಗೇ ಉಳಿಯುತ್ತದೆ. ಗಾಯರಾಣ ಊರಿನದು, ಕಣ್ಣು ಒಬ್ಬೊಬ್ಬರದು. ಶುಲ್ಕ ಮಾತ್ರ ಕಚೇರಿಗೆ ಹೋಗುತ್ತದೆ.

ಇದು ಹೆಚ್ಚು ಕಾಡುವುದು ಬಸ್ಸಿನಲ್ಲಿ. ಮೈತುಂಬ ಸಾಬೂನಿನ ಜಾಹೀರಾತು ಹೊದ್ದ ಬಸ್ಸೊಂದನ್ನು ಕಂಡು ಅಜ್ಜಿಯೊಬ್ಬರು ನನ್ನನ್ನು ಕೇಳಿದ್ದರು: “ಯಪ್ಪಾ, ಇದು ಊರಿಗಿ ಹೊಂಟದೋ, ಸಾಬೂನ್ ಮಾರಾಕ ಹೊಂಟದೋ?” ನಕ್ಕು ಹತ್ತಿಸಿದೆ. ಹೀಗೆ ಹೊದಿಸುವಾಗ ಕೆಲವೊಮ್ಮೆ ಕಿಟಕಿಗಳನ್ನೂ ಬಿಡುವುದಿಲ್ಲ. ಸಣ್ಣ ತೂತುಗಳ ಹಾಳೆ ಅಂಟಿಸುತ್ತಾರೆ. ಹೊರಗಿನವರಿಗೆ ಚಿತ್ರ, ಒಳಗಿನವರಿಗೆ ಮಬ್ಬು. ವಾಹನದ ಗಾಜಿಗೆ ಕಪ್ಪು ಫಿಲ್ಮ್ ಅಂಟಿಸಬಾರದೆಂದು ಸುಪ್ರೀಂ ಕೋರ್ಟ್ 2012ರಲ್ಲಿ ಹೇಳಿದ್ದಕ್ಕೆ ಮುಖ್ಯ ಕಾರಣ ಭದ್ರತೆ, ಅಂದರೆ ಒಳಗಿರುವವರು ಹೊರಗೆ ಕಾಣಬೇಕು. ಒಳಗಿರುವವರಿಗೆ ಹೊರಗು ಕಾಣಬೇಕು ಎನ್ನುವುದೂ ಅಷ್ಟೇ ದೊಡ್ಡ ಹಕ್ಕಲ್ಲವೇ? ಶಹಾಪುರ ಸಮೀಪಿಸುವಾಗ ಬೆಟ್ಟಗಳ ಸಾಲಿನಲ್ಲಿ ಮಲಗಿದ ಬುದ್ಧನನ್ನು ಎಷ್ಟೋ ಮಕ್ಕಳು ಮೊದಲು ಕಾಣುವುದು ಬಸ್ಸಿನ ಕಿಟಕಿಯಿಂದಲೇ. ಸ್ವಂತ ಕಾರಿನವರ ಕಿಟಕಿಯನ್ನು ಅವರನ್ನು ಕೇಳದೆ ಯಾರೂ ಮಾರುವುದಿಲ್ಲ. ಬಸ್ಸಿನವರನ್ನು ಕೇಳುವ ರೂಢಿಯೇ ಇಲ್ಲ.

ಟ್ರಕ್ಕಿನ ತೀರ್ಪು ಬರೆದ ಅದೇ ಡಗ್ಲಸ್ ಮುಂದೆ ಈ ಜಾಗಕ್ಕೇ ಬಂದು ನಿಂತರು. 1952ರಲ್ಲಿ, ವಾಷಿಂಗ್ಟನ್ನಿನ ಬಸ್ಸುಗಳಲ್ಲಿ ರೇಡಿಯೋ ಹಾಕುವುದನ್ನು ನ್ಯಾಯಾಲಯ ಒಪ್ಪಿದಾಗ ಅವರು ಭಿನ್ನಮತ ಬರೆದರು. 1974ರಲ್ಲಿ, ಬಸ್ಸಿನೊಳಗಿನ ರಾಜಕೀಯ ಜಾಹೀರಾತನ್ನು ನಿರಾಕರಿಸಿದ ಒಹಾಯೋದ ಒಂದು ನಗರದ ಪರವಾಗಿ ಪ್ರತ್ಯೇಕವಾಗಿ ಬರೆದರು. ಅವರ ತರ್ಕದ ಸಾರ ಇಷ್ಟು: ಕೆಲಸಕ್ಕೆ ಹೋಗಲೇಬೇಕಾದವನಿಗೆ ಬಸ್ಸು ಬಿಟ್ಟರೆ ಗತಿಯಿಲ್ಲ, ಎದ್ದು ಹೋಗಲಾರದವನ ಮುಂದೆ ಮಾತಾಡುವುದು, ಎದ್ದು ಹೋಗಬಲ್ಲವನ ಮುಂದೆ ಮಾತಾಡಿದಂತಲ್ಲ.

ಇದಕ್ಕೊಂದು ಗಟ್ಟಿ ಆಕ್ಷೇಪವಿದೆ. ಜಾಹೀರಾತಿನ ಹಣದಿಂದ ಹಳ್ಳಿಗೆ ಸಂಜೆಯ ಒಂದು ಬಸ್ಸು ಉಳಿಯುವುದಾದರೆ, ಅಂದಚಂದದ ಮಾತು ಯಾರಿಗೆ ಬೇಕು? ಆ ಬಸ್ಸಿಲ್ಲದೆ ಕಾಲೇಜು ಬಿಡುವ ಹುಡುಗಿಗೆ ಕಿಟಕಿಯ ಹಕ್ಕಿನಿಂದ ಏನೂ ಆಗುವುದಿಲ್ಲ. ಈ ಮಾತನ್ನು ನಾನು ತಳ್ಳಿಹಾಕಲಾರೆ. ಬ್ರೆಜಿಲಿನ ಸಾವೊ ಪೌಲೊ ನಗರ 2007ರಿಂದ ಹೊರಾಂಗಣ ಜಾಹೀರಾತನ್ನೇ ತೆಗೆಸಿ, ಬಸ್ಸು ಟ್ಯಾಕ್ಸಿಗಳನ್ನೂ ಬಿಡಲಿಲ್ಲ. ಅದೇ ದಾರಿ ನಮಗೂ ಸರಿ ಎನ್ನಲು ನನಗೆ ಧೈರ್ಯವಿಲ್ಲ. ಆದರೆ ಈ ಆಕ್ಷೇಪ ಸಮರ್ಥಿಸುವುದು ತಗಡನ್ನು ಮಾತ್ರ. ಊರಿನ ಹೆಸರಿನ ಫಲಕ ಮತ್ತು ಕಿಟಕಿ ಪ್ರಯಾಣದ ಭಾಗಗಳು. ಟಿಕೆಟ್ಟಿನ ಜೊತೆಗೇ ಅವು ಪ್ರಯಾಣಿಕರಿಗೆ ಸೇರಿದವು. ಅವನ್ನು ಮತ್ತೊಬ್ಬರಿಗೆ ಬಾಡಿಗೆಗೆ ಕೊಡುವುದು, ಮನೆಯ ಗೋಡೆಯ ಜೊತೆ ಬಾಡಿಗೆದಾರನ ಬಾಗಿಲನ್ನೂ ಮಾರಿದಂತೆ.

ಹಾಗಾಗಿ ಪರವಾನಗಿ ಕೊಡುವವರು ಮೊದಲು ಕೇಳಬೇಕಾದದ್ದು ಚದರಡಿಗೆ ಎಷ್ಟು ಎಂದಲ್ಲ. ಈ ಮಾತಿಗೆ ಹೊಣೆ ಯಾರು, ಇದನ್ನು ನೋಡದೆ ತಿರುಗಿಕೊಳ್ಳಲು ಯಾರಿಗೆ ಆಗುವುದಿಲ್ಲ, ಬಂದ ಹಣ ಅವರಿಗೇ ಮರಳುತ್ತದೆಯೇ? ಈ ಮೂರಕ್ಕೆ ಉತ್ತರ ಕೊಡಬಲ್ಲ ಜಾಹೀರಾತು ಬಸ್ಸಿನ ಮೈಮೇಲೆ ಊರೂರು ತಿರುಗಲಿ. ಕಿಟಕಿಗಳನ್ನು ಮಾತ್ರ ಬಿಟ್ಟುಬಿಡಲಿ.